ಕರಿ ತಟ್ಟೆಯ ಮೇಲಿನ ಬೊಟ್ಟು

ಹೂವಪ್ಪನ ಕಥೆ ಹೇಳಬೇಕೆಂದರೆ ಇಂಗ್ಲೆಂಡಿನಿಂದ ಶುರು ಮಾಡಬೇಕು. ನಗಬೇಡಿ. ಹೂವಪ್ಪ ಇಂಗ್ಲೆಂಡಿಗೆ ಹೋದವನಲ್ಲ, ಹೋಗುವ ಆಸೆ ಇದ್ದವನೂ ಅಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಎಲೆಕ್ಟ್ರಿಷಿಯನ್ ಆಗಿ ಸೇರಿ, ಎಲೆಕ್ಟ್ರಿಷಿಯನ್ ಆಗಿಯೇ ನಿವೃತ್ತನಾಗಿ, ಈಗ ಶಿವಮೊಗ್ಗದ ರವೀಂದ್ರನಗರದಲ್ಲಿ ಮಗಳ ಮನೆಯಲ್ಲಿರುವ ಮನುಷ್ಯ. ಅವನ ಅಪ್ಪ ಹೊಳೆಹೊನ್ನೂರಿನ ಕಡೆ ಭತ್ತ ಬೆಳೆಯುತ್ತಿದ್ದ ರೈತ. ಇಂಥವನಿಗೂ ಇಂಗ್ಲೆಂಡಿಗೂ ಎಲ್ಲಿಯ ಸಂಬಂಧ ಅಂದರೆ, ಒಂದು ಕರಿ ತಟ್ಟೆಯ ಸಂಬಂಧ. ತಟ್ಟೆ ಅಂದರೆ ಊಟದ ತಟ್ಟೆಯಲ್ಲ, ಹಾಡಿನ ತಟ್ಟೆ. ರೆಕಾರ್ಡು.

ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಯಾವುದೋ ಉಕ್ಕಿನ ಊರಿನಲ್ಲಿ ನಾಲ್ಕು ಹುಡುಗರು ಸೇರಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು ‘ದಿ ಹ್ಯಾಮರ್‌ಮೆನ್’. ಸುತ್ತಿಗೆಯವರು ಅಂತ ಇಟ್ಟುಕೊಳ್ಳಿ. ಅಣ್ಣ ಗಿಟಾರ್ ಬಾರಿಸುತ್ತಿದ್ದ, ತಮ್ಮ ಹಾಡುತ್ತಿದ್ದ, ಮಿಕ್ಕ ಇಬ್ಬರು ನೆರೆಮನೆಯ ಹುಡುಗರು. ನಾಲ್ವರ ಅಪ್ಪಂದಿರೂ ಕುಲುಮೆಯ ಮುಂದೆ ಬೆವರು ಸುರಿಸಿದವರು. ಲಂಡನ್ನಿನ ದೊಡ್ಡ ಬ್ಯಾಂಡುಗಳ ಎದುರು ಇವರೇನು ಅಂಥ ಹೆಸರುವಾಸಿಗಳಲ್ಲ. ಒಂದೆರಡು ವರ್ಷ ರೇಡಿಯೋದಲ್ಲಿ ಮೆರೆದರು, ನಾಲ್ಕಾರು ದೇಶ ಸುತ್ತಿ ಹಾಡಿ ಬಂದರು, ಅಷ್ಟೆ. ಆದರೆ ಹೂವಪ್ಪನ ಮಟ್ಟಿಗೆ ಅವರನ್ನು ಮೀರಿಸಿದ ಬ್ಯಾಂಡು ಈ ಭೂಮಿಯ ಮೇಲೆ ಹುಟ್ಟಿರಲಿಲ್ಲ, ಹುಟ್ಟುವುದೂ ಇಲ್ಲ. ಈ ವಿಷಯದಲ್ಲಿ ಅವನ ಹತ್ತಿರ ವಾದಕ್ಕೆ ನಿಲ್ಲಬೇಡಿ.

ಅದಕ್ಕೆ ಕಾರಣ ಒಬ್ಬ ಇಂಗ್ಲಿಷ್ ಎಂಜಿನಿಯರ್. ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಬಂದವನು ಗೆಸ್ಟ್‌ಹೌಸಿನಲ್ಲಿ ಉಳಿದಿದ್ದ. ಅವನ ರೆಕಾರ್ಡ್ ಪ್ಲೇಯರ್ ಕೆಟ್ಟಾಗ, ಆಗಷ್ಟೇ ಅಪ್ರೆಂಟಿಸ್ ಮುಗಿಸಿದ್ದ ಹೂವಪ್ಪ ಹೋಗಿ ರಿಪೇರಿ ಮಾಡಿಕೊಟ್ಟ. ಸರಿಯಾಯಿತೋ ಇಲ್ಲವೋ ನೋಡಲು ಎಂಜಿನಿಯರ್ ಹ್ಯಾಮರ್‌ಮೆನ್ ರೆಕಾರ್ಡನ್ನು ಹಾಕಿದ. ಡ್ರಮ್ಮಿನ ಪೆಟ್ಟು ಶುರುವಾದದ್ದೇ ತಡ, ಹೂವಪ್ಪ ಸ್ಕ್ರೂಡ್ರೈವರ್ ಹಿಡಿದವನು ಹಿಡಿದ ಹಾಗೇ ನಿಂತುಬಿಟ್ಟ. ಅದು ಅವನು ದಿನಾ ಕೇಳುವ ಸದ್ದು, ಕಾದ ಕಬ್ಬಿಣದ ಮೇಲೆ ಬೀಳುವ ಪೆಟ್ಟು. ಅದನ್ನೂ ಹಾಡು ಮಾಡಬಹುದು ಅಂತ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಊರಿಗೆ ಹೊರಡುವಾಗ ಆ ಪುಣ್ಯಾತ್ಮ ಪ್ಲೇಯರನ್ನೂ ರೆಕಾರ್ಡನ್ನೂ ಹೂವಪ್ಪನ ಕೈಗೇ ಕೊಟ್ಟು ಹೋದ.

ಓಲ್ಡ್ ಟೌನಿನ ರಾಮಚಂದ್ರಪ್ಪ ಹೂವಪ್ಪನ ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದವನು. ಕಂಠ ಅಂದರೆ ಕಂಠ. ಇಂಗ್ಲಿಷ್ ಮಾತ್ರ ಅಷ್ಟಕ್ಕಷ್ಟೆ. ರೆಕಾರ್ಡನ್ನು ಕೇಳಿ ಕೇಳಿ ಹಾಡುಗಳನ್ನು ಬಾಯಿಪಾಠ ಮಾಡಿದ. ಹೂವಪ್ಪ ಗಿಟಾರ್ ಕಲಿತ. ಡ್ರಮ್ಮಿಗೆ ತಮಿಳು ಕಾಲೊನಿಯ ಆರ್ಮುಗಂ ಸಿಕ್ಕಿದ. ‘ಭದ್ರಾ ಹ್ಯಾಮರ್ಸ್’ ಅಂತ ಬೋರ್ಡ್ ಬರೆಸಿಕೊಂಡು ಗಣೇಶನ ಪೆಂಡಾಲು, ಯೂನಿಯನ್ನಿನ ವಾರ್ಷಿಕೋತ್ಸವ, ಯಾರದೋ ಮದುವೆ, ಕರೆದಲ್ಲಿಗೆಲ್ಲ ಹೋದರು. ಅಗಲ ಕಾಲಿನ ಪ್ಯಾಂಟು ಹಾಕಿಕೊಂಡು ಮೈಕಿನ ಮುಂದೆ ನಿಂತ ರಾಮಚಂದ್ರಪ್ಪನನ್ನು ನೋಡಿ ಮುದುಕರು, “ನಮ್ಮ ಕಲ್ಲಪ್ಪನ ಮಗನಿಗೆ ಇದೇನ್ ಬಂತಪ್ಪ ಕೇಡು” ಅಂದರು. ಹುಡುಗರು ಕೂತಲ್ಲೇ ಕುಣಿದರು.

ಈ ನಡುವೆ ಹೂವಪ್ಪನಿಗೆ ಮದುವೆಯಾಯಿತು. ಹೆಂಡತಿ ಹಾಲಮ್ಮ. ಹಳ್ಳಿಯ ಹುಡುಗಿ, ಮಾತು ಚುರುಕು, ಕೆಲಸ ಇನ್ನೂ ಚುರುಕು. ಗಂಡ ಆ ಕರಿ ತಟ್ಟೆಯನ್ನು ದಿನಾ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಕವರಿನೊಳಗೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸುವುದನ್ನು ಅವಳು ನೋಡಿದ್ದಳು. ಅದೇನು ಅಂತ ಕೇಳಿರಲಿಲ್ಲ, ನೋಡಿದ್ದಳು. ಮದುವೆಯಾದ ವರ್ಷದ ಆಯುಧಪೂಜೆ ಬಂತು. ಹೂವಪ್ಪ ಕಾರ್ಖಾನೆಯ ಪೂಜೆಗೆ ಹೋಗಿದ್ದ. ಹಾಲಮ್ಮ ಮನೆಯಲ್ಲಿ ಕುಡುಗೋಲು, ಈಳಿಗೆಮಣೆ, ಸೈಕಲ್ಲು, ಗಂಡನ ಕಟಿಂಗ್ ಪ್ಲೇಯರು, ಗಿಟಾರು, ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟು ಗಂಧ ಕುಂಕುಮ ಹಚ್ಚಿದಳು. ಕೊನೆಗೆ ರೆಕಾರ್ಡನ್ನೂ ಕವರಿನಿಂದ ಈಚೆ ತೆಗೆದು, ನೆಲದ ಮೇಲೆ ಬಾಳೆಎಲೆ ಹಾಸಿ ಇಟ್ಟು, ದಪ್ಪಗೆ ಗಂಧ ಹಚ್ಚಿ, ಅದರ ಮೇಲೆ ಕುಂಕುಮದ ಬೊಟ್ಟಿಟ್ಟು, ಒಂದು ಸೇವಂತಿಗೆ ಹೂ ಮುಡಿಸಿ ಕೈಮುಗಿದಳು.

ಹೂವಪ್ಪ ಬಂದು ನೋಡಿದವನು ಬಾಗಿಲಲ್ಲೇ ಕುಕ್ಕರಿಸಿದ.

“ಏನ್ ಮಾಡಿದ್ಯೇ ಇದು!”

“ಪೂಜೆ ಮಾಡ್ದೆ ಕಣ್ರಿ. ದಿನಾ ಒರ್ಸಿ ಒರ್ಸಿ ಇಡ್ತೀರಲ್ಲ, ಇದೂ ನಿಮ್ಮ ಆಯುಧವೇ ಅಲ್ವಾ? ಮಧ್ಯದಲ್ಲಿ ಅಕ್ಷರ ಇತ್ತು. ಅಕ್ಷರ ಅಂದ್ರೆ ಸರಸ್ವತಿ, ಅದರ ಮೇಲೆ ಮೆತ್ಬಾರ್ದು ಅಂತ ಕರಿ ಜಾಗದಲ್ಲಿ ಇಟ್ಟೆ. ತಪ್ಪಾಯ್ತಾ?”

ಅಯ್ಯೋ ದೇವರೇ, ಅಕ್ಷರದ ಮೇಲೆ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ! ಹಾಡು ಇದ್ದದ್ದೇ ಆ ಕರಿ ಜಾಗದಲ್ಲಿ. ಹೂವಪ್ಪ ಉಗುರಿನಲ್ಲಿ ಕೆರೆದ, ಒಣಬಟ್ಟೆಯಲ್ಲಿ ಉಜ್ಜಿದ. ನೀರು ತಾಗಿಸಲು ಭಯ. ಎಷ್ಟು ಮಾಡಿದರೂ ಗೆರೆಗಳ ಸಂದಿಯಲ್ಲಿ ಗಂಧ ಗಟ್ಟಿಯಾಗಿ ಕೂತೇಬಿಟ್ಟಿತ್ತು. ಎರಡನೇ ಮಗ್ಗುಲಿನ ಮೂರನೇ ಹಾಡು, ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ಒಬ್ಬ ಕೂಲಿಯ ಹಾಡು, ಎಲ್ಲಕ್ಕಿಂತ ಚೆನ್ನಾದ ಹಾಡು. ಅದರ ನಡುವೆ ಪ್ಲೇಯರಿನ ಮುಳ್ಳು ಆ ಜಾಗಕ್ಕೆ ಬಂದ ಕೂಡಲೇ ಟಕ್ ಅಂತ ಹಾರಿ, ಒಂದಿಷ್ಟು ಹಾಡು ನುಂಗಿ, ಮುಂದೆ ಹೋಗಿ ಬೀಳುತ್ತಿತ್ತು.

ಹೂವಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಸುದ್ದಿ ಕೇಳಿ ಬಂದ ರಾಮಚಂದ್ರಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಅದೇ ಹಾಡನ್ನು ಮತ್ತೆ ಮತ್ತೆ ಹಾಕಿಸಿ ಕೇಳಿ, “ಲೇ ಹೂವ, ಹಾರೋದೇ ಚೆನ್ನಾಗಿದೆ ಕಣೋ. ನಾವು ಹೀಗೇ ಹಾಡಣ ಮಾರಾಯ” ಅಂದ. ಹಾಗೇ ಆಯಿತು. ಅಂದಿನಿಂದ ಭದ್ರಾ ಹ್ಯಾಮರ್ಸ್ ಆ ಹಾಡನ್ನು ಹಾಡಿದ್ದು ಹಾರಿಸಿಯೇ. ಆರ್ಮುಗಂ ಒಂದು ಪೆಟ್ಟು ನುಂಗುತ್ತಿದ್ದ, ಹೂವಪ್ಪ ಗಿಟಾರನ್ನು ಮುಂದಕ್ಕೆ ಎಗರಿಸುತ್ತಿದ್ದ, ರಾಮಚಂದ್ರಪ್ಪ ಅರ್ಧ ಸಾಲಿನಿಂದ ಇನ್ನೊಂದು ಸಾಲಿನ ಅರ್ಧಕ್ಕೆ ನೆಗೆಯುತ್ತಿದ್ದ. ಇಂಗ್ಲೆಂಡಿನವರ ಹಾಡು ಇರುವುದೇ ಹಾಗೆ ಅಂತ ಊರು ತಿಳಿದುಕೊಂಡಿತು.

ಹಾಲಮ್ಮನಿಗೆ ಮೊದಮೊದಲು ನಾಚಿಕೆ, ಆಮೇಲೆ ಜಂಬ. ಪೆಂಡಾಲಿನಲ್ಲಿ ಹೆಂಗಸರ ನಡುವೆ ಕೂತವಳು ಆ ಜಾಗ ಬಂದ ಕೂಡಲೇ ಪಕ್ಕದವಳ ತೋಳು ಚಿವುಟಿ, “ನನ್ನ ಬೊಟ್ಟು ಬಂತು!” ಅನ್ನುತ್ತಿದ್ದಳು. ಮನೆಯಲ್ಲಿ ರೆಕಾರ್ಡ್ ಹಾಕಿದರೆ, ಒಲೆಯ ಮುಂದಿದ್ದರೂ ಸರಿ, ಬಟ್ಟೆ ಒಗೆಯುತ್ತಿದ್ದರೂ ಸರಿ, ಅಲ್ಲಿಂದಲೇ ಕೂಗುತ್ತಿದ್ದಳು. “ಬಂತು ನೋಡಿ, ನನ್ನ ಬೊಟ್ಟು ಬಂತು!” ಮಗಳು ಸುಮನಾ ತೊಟ್ಟಿಲಲ್ಲಿ ಮಲಗಿ ಈ ಮಾತು ಕೇಳಿಕೊಂಡೇ ಬೆಳೆದವಳು.

ಅತ್ತ ಇಂಗ್ಲೆಂಡಿನಲ್ಲಿ ಸುತ್ತಿಗೆಯವರ ಕಥೆ ಬೇರೆ ದಾರಿ ಹಿಡಿದಿತ್ತು. ಆಫೀಸರ್ಸ್ ಕ್ಲಬ್ಬಿನವರು ತೂಕಕ್ಕೆ ಹಾಕುತ್ತಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಹೂವಪ್ಪ ಅದನ್ನು ಅಷ್ಟಷ್ಟೇ ಓದಿಕೊಂಡ. ಡ್ರಮ್ಮಿನ ಹುಡುಗ ರಸ್ತೆ ಅಪಘಾತದಲ್ಲಿ ಸತ್ತುಹೋಗಿದ್ದ. ಆಮೇಲೆ ಅಣ್ಣತಮ್ಮಂದಿರು ಸ್ಟೇಜಿನ ಮೇಲೆಯೇ ಬಡಿದಾಡಿಕೊಂಡು ಬ್ಯಾಂಡನ್ನು ಒಡೆದುಕೊಂಡಿದ್ದರು. “ಒಂದೇ ಹೊಟ್ಟೇಲಿ ಹುಟ್ಟಿ ಹಿಂಗಾಡ್ತಾರಲ್ಲೋ ಮಾರಾಯ” ಅಂತ ರಾಮಚಂದ್ರಪ್ಪ ಲೊಚಗುಟ್ಟಿದ್ದ. ಲೊಚಗುಟ್ಟಿದವನ ಮನೆಗೂ ಅದೇ ಮಾರಿ ಬಂತು. ಜನಕ್ಕೆ ಸಿನಿಮಾ ಹಾಡು ಬೇಕಾಗಿತ್ತು. ಹಾಡೋಣ ಅಂದ ರಾಮಚಂದ್ರಪ್ಪ. ಹ್ಯಾಮರ್‌ಮೆನ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಅಂದ ಹೂವಪ್ಪ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಗಣೇಶನ ಹಬ್ಬದಲ್ಲಿ, ತುಂಬಿದ ಪೆಂಡಾಲಿನ ಮುಂದೆ, ಮೈಕ್ ಆನ್ ಇರುವಾಗಲೇ ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಮಾರನೆಯ ದಿನ ಹೂವಪ್ಪ ಆ ರೆಕಾರ್ಡನ್ನು ಒಯ್ದು ರಾಮಚಂದ್ರಪ್ಪನ ಹೊಸಲಿನ ಮೇಲಿಟ್ಟು, “ಇದರಿಂದಲೇ ತಾನೇ ಜಗಳ? ನೀನೇ ಇಟ್ಕೊಂಡು ಸಾಯಿ” ಅಂದು ಬಂದುಬಿಟ್ಟ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೇ?

ಇಬ್ಬರೂ ಒಂದೇ ಗೇಟಿನಲ್ಲಿ ಡ್ಯೂಟಿಗೆ ಹೋದರು, ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿದರು, ಮಾತು ಮಾತ್ರ ಆಡಲಿಲ್ಲ. ಹೂವಪ್ಪ ಭಾನುವಾರಗಳಂದು ಮನೆಯಲ್ಲಿ ಒಬ್ಬನೇ ಗಿಟಾರ್ ಹಿಡಿದು ಆ ಹಾಡನ್ನು ನುಡಿಸುತ್ತಿದ್ದ, ಹಾರುವ ಜಾಗದಲ್ಲಿ ಹಾರಿಸಿಯೇ. ಹಾಲಮ್ಮ ಒಳಗಿನಿಂದ ಕೂಗುತ್ತಿದ್ದಳು. ಅದಕ್ಕೋಸ್ಕರವೇ ಅವನು ನುಡಿಸುತ್ತಿದ್ದ ಅಂದರೂ ತಪ್ಪಿಲ್ಲ. ರಿಟೈರಾಗಿ, ಶಿವಮೊಗ್ಗದ ಮಗಳ ಮನೆಗೆ ಬಂದು, ಸಕ್ಕರೆ ಕಾಯಿಲೆ ಹತ್ತಿ, ಎಡಗೈ ಬೆರಳು ಮಡಚಲು ಬಾರದಂತಾದ ಮೇಲೆ ಗಿಟಾರು ಗೋಡೆಗೆ ಸೇರಿತು.

ಆಮೇಲೆ ಒಂದು ದಿನ ಅಳಿಯ ಲೋಹಿತ್ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ತಲೆ ನೆರೆತ ಇಬ್ಬರು ಮುದುಕರು ಒಂದೇ ಸ್ಟೇಜಿನಲ್ಲಿ. ಹ್ಯಾಮರ್‌ಮೆನ್ ಅಣ್ಣತಮ್ಮಂದಿರು! ಎಷ್ಟೋ ವರ್ಷ ಮುಖ ನೋಡದಿದ್ದವರು ರಾಜಿಯಾಗಿ, ಸತ್ತ ಡ್ರಮ್ಮಿನ ಹುಡುಗನ ಹೆಸರಿನಲ್ಲಿ ಹಾಡಿದ್ದರು. ಕೆಳಗೆ ಯಾವ ಯಾವ ದೇಶದವರೋ ಅತ್ತು ಬರೆದ ಮಾತುಗಳು. ಹೂವಪ್ಪ ಅಳಿಯನ ಎದುರೇ ಗೊಳೋ ಅಂತ ಅತ್ತ.

“ನಾಳೆ ರಾಮಚಂದ್ರನ ಮನೆಗೆ ಹೋಗ್ತೀನಿ” ಅಂದ.

“ಇವತ್ತೇ ಹೋಗಿ. ನಾಳೆ ಅಂದೋನ ಮನೆ ಹಾಳು” ಅಂದಳು ಹಾಲಮ್ಮ.

ಅವನು ಹೋಗಲಿಲ್ಲ. ನಾಳೆ ಮಳೆ ಬಂತು, ನಾಡಿದ್ದು ಕಾಲು ಊದಿತ್ತು, ಅದರಾಚೆ ಬಿಗುಮಾನ. ಇನ್ನೊಂದು ಮಳೆಗಾಲ ಮುಗಿಯುವುದರೊಳಗೆ ರಾಮಚಂದ್ರಪ್ಪ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಹೂವಪ್ಪ ಮಣ್ಣಿಗೆ ಹೋಗಿ ಎಲ್ಲರ ಹಿಂದೆ ನಿಂತು, ಯಾರನ್ನೂ ಮಾತಾಡಿಸದೆ ವಾಪಸು ಬಂದ. ಅದೇ ಸುಮಾರಿಗೆ ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಲ್ಲಿ ಕೆಲಸ ಮಾಡುವ ಸುಮನಾ ಬಸ್ಸಿನಲ್ಲಿ ಒಬ್ಬ ವಿದ್ಯಾರ್ಥಿಯ ಟೀ ಶರ್ಟಿನ ಮೇಲೆ ಹ್ಯಾಮರ್‌ಮೆನ್ ಸುತ್ತಿಗೆಯ ಚಿತ್ರ ನೋಡಿದಳಂತೆ. ಖುಷಿಯಾಗಿ ಕೇಳಿದರೆ ಆ ಹುಡುಗ, “ಬ್ಯಾಂಡಾ? ನಂಗೊತ್ತಿಲ್ಲ ಮೇಡಂ, ಆಫರಲ್ಲಿ ಸಿಕ್ತು” ಅಂದನಂತೆ. ಹೂವಪ್ಪ ಅದಕ್ಕೆ ನಗಲೂ ಇಲ್ಲ, ಬೇಜಾರೂ ಪಡಲಿಲ್ಲ. “ಅಷ್ಟಾದ್ರೂ ಉಳೀತಲ್ಲ ಬಿಡು” ಅಂದ.

ಇಷ್ಟು ಆಗಿ ವರ್ಷ ತುಂಬುವ ಹೊತ್ತಿಗೆ ಹಾಲಮ್ಮನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಕೂತವಳು ಪಕ್ಕಕ್ಕೆ ವಾಲಿದಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ಪೂರಾ ನಿಂತಿತ್ತು. ವಟವಟ ಅನ್ನುತ್ತಿದ್ದ ಹೆಂಗಸು ಕಣ್ಣು ಮಾತ್ರ ಹೊರಳಿಸುತ್ತಾ ಮಲಗಿದಳು. ತಾನು ಯಾರೆಂದು ಅವಳಿಗೆ ಗೊತ್ತಿದೆಯೋ ಇಲ್ಲವೋ ಅನ್ನುವುದೇ ಹೂವಪ್ಪನಿಗೆ ತಿಳಿಯುತ್ತಿರಲಿಲ್ಲ. ಅದೇ ಅವನನ್ನು ಒಳಗೊಳಗೇ ತಿಂದುಹಾಕಿತು. “ಏನೇ, ಒಂದ್ಸಲ ಬೈಯೇ” ಅಂತ ಮಂಚದ ಪಕ್ಕ ಕೂತು ಗೋಗರೆಯುತ್ತಿದ್ದ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಮಾತು ಕಲಿಸಲು ಮನೆಗೆ ಬರುತ್ತಿದ್ದ ಥೆರಪಿಸ್ಟ್ ಹುಡುಗಿ ದಿವ್ಯಶ್ರೀ ಒಂದು ವಿಷಯ ಹೇಳಿದಳು. “ಅಜ್ಜ, ಮಾತು ಹೋದೋರಿಗೆ ಬಾಯಿಗೆ ರೂಢಿ ಆಗಿರೋದು ಮೊದಲು ಬರುತ್ತೆ. ದೇವರ ನಾಮ, ಒಂದು ಎರಡು ಎಣಿಸೋದು, ಬೈಗುಳ. ಅಜ್ಜಿ ಯಾವಾಗ್ಲೂ ಅಂತಿದ್ದ ಮಾತು ಏನಾದ್ರೂ ಇದೆಯಾ?”

ಇದೆಯಾ ಅಂತೆ! ಹೂವಪ್ಪ ಮಗಳನ್ನು ಕೂಗಿ ಕರೆದ. ಸುಮನಾ ಮೊಬೈಲಿನಲ್ಲಿ ಆ ಹಾಡು ಹುಡುಕಿ ಅಮ್ಮನ ಕಿವಿಯ ಹತ್ತಿರ ಹಿಡಿದಳು. ಹಾಡು ನುಣ್ಣಗೆ ಹರಿದುಹೋಯಿತು. ಹಾರಬೇಕಾದ ಜಾಗದಲ್ಲಿ ಹಾರಲಿಲ್ಲ. ಇಷ್ಟು ವರ್ಷ ಅಲ್ಲಿ ಏನಿತ್ತೋ ಅಂತ ಹೂವಪ್ಪ ಏನೇನೋ ಊಹಿಸಿಕೊಂಡಿದ್ದ. ಅಂಥದ್ದೇನೂ ಇರಲಿಲ್ಲ. ಒಂದಿಷ್ಟು ಗಿಟಾರು, ಮಳೆ ಬರುತ್ತಿದೆ ಅನ್ನುವ ಒಂದು ಸಾಲು. ಹಾಲಮ್ಮ ಯಾರದೋ ಮನೆಯ ಹಾಡು ಕೇಳಿದ ಹಾಗೆ ಕೇಳಿಸಿಕೊಂಡಳು.

“ಇದಲ್ಲ. ನಂಗೆ ನಮ್ಮ ತಟ್ಟೆನೇ ಬೇಕು” ಅಂತ ಹೂವಪ್ಪ ಎದ್ದ. ಅಟ್ಟದ ಮೇಲಿದ್ದ ಹಳೆಯ ಪ್ಲೇಯರನ್ನು ಲೋಹಿತ್ ಇಳಿಸಿ, ಗಾಂಧಿ ಬಜಾರಿನಲ್ಲಿ ಹೊಸ ಬೆಲ್ಟು ಹಾಕಿಸಿಕೊಂಡು ಬಂದ. ಹೂವಪ್ಪ ಭದ್ರಾವತಿಯ ಬಸ್ ಹತ್ತಿದ.

ರಾಮಚಂದ್ರಪ್ಪನ ಹೆಂಡತಿ ಶಕುಂತಲಮ್ಮ ಬಾಗಿಲು ತೆರೆದಳು. “ಬನ್ನಿ ಅಣ್ಣ. ಈ ಹೊಸಲು ನೆನಪಾಯ್ತಾ?” ಅಂದಳು. ಅಂದವಳಿಗೂ ಕಣ್ಣು ತುಂಬಿತು, ಕೇಳಿದವನಿಗೂ ತುಂಬಿತು. ಅವನು ಬಂದ ಕೆಲಸ ಹೇಳಿದ. ಹಾಲಮ್ಮನಿಗೆ ಆ ಹಾಡು ಕೇಳಿಸಬೇಕು ಅಂದನೇ ಹೊರತು ಬೊಟ್ಟಿನ ಮಾತು ಎತ್ತಲಿಲ್ಲ.

“ಇದ್ದಷ್ಟು ದಿನ ಬೀರುವಿನ ಮೇಲೆ ಇಟ್ಕೊಂಡಿದ್ರು. ಧೂಳು ಒರೆಸೋಕೂ ಬಿಡ್ತಿರ್ಲಿಲ್ಲ. ‘ನಾಳೆ ಹೂವನಿಗೆ ಕೊಟ್ಟು ಬರ್ತೀನಿ’ ಅಂತಲೇ ಇದ್ರು” ಅಂದಳು ಶಕುಂತಲಮ್ಮ.

“ಅವನೂ ನಾಳೆ ಅಂತಿದ್ನಾ?”

“ದಿನಾ. ಹೋದ್ಮೇಲೆ ತಿಥಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾದದ್ದೆಲ್ಲ ಇಟ್ವಿ. ಬೋಂಡ, ಬೀಡಿಕಟ್ಟು, ಎಲೆ ಅಡಿಕೆ, ಇದನ್ನೂ ಇಟ್ವಿ. ಎಡೆಗೆ ಇಡೋದು ಕೊಳೆ ಇರಬಾರದಲ್ಲಣ್ಣ, ಯಾವ ಕಾಲದ ಗಂಧವೋ ಏನೋ ಅಂಟ್ಕೊಂಡಿತ್ತು. ರೇಷ್ಮೆ ಸೀರೆ ಒಗೆಯೋ ಹಾಗೆ ಅಂಟುವಾಳದ ನೊರೆಯಲ್ಲಿ ನೆನೆಹಾಕಿ, ಮೆತ್ತಗೆ ಬ್ರಷ್ ಮಾಡಿದೆ. ನೋಡಿ, ಹೆಂಗೆ ಫಳಫಳ ಅಂತಿದೆ!”

ತಟ್ಟೆ ನಿಜವಾಗಿಯೂ ಫಳಫಳ ಅನ್ನುತ್ತಿತ್ತು. ಹೂವಪ್ಪನ ಮುಖ ಅದರಲ್ಲಿ ಕಾಣುತ್ತಿತ್ತು. ಗಂಡನ ಮೇಲಿನ ಪ್ರೀತಿಯಿಂದ ಮಾಡಿದ ಕೆಲಸ, ಅವಳಿಗೆ ಏನಂತ ಹೇಳುವುದು? “ಒಳ್ಳೇದು ಮಾಡಿದ್ಯಮ್ಮ ತಂಗಿ” ಅಂದ. ಅವಳು ಕೊಟ್ಟ ಕಾಫಿ ಕುಡಿದು ಬಸ್ ಹತ್ತಿದ. ದಾರಿಯುದ್ದಕ್ಕೂ ಕವರಿನೊಳಗೆ ಬೆರಳು ತೂರಿಸಿ ಸವರುತ್ತಲೇ ಇದ್ದ. ಎಲ್ಲೋ ಒಂದು ಕಾಳು ಗಂಧ ಉಳಿದಿರಬಾರದೇ ಅಂತ.

ಉಳಿದಿರಲಿಲ್ಲ. ಮನೆಗೆ ಬಂದು, ಹಾಲಮ್ಮನನ್ನು ದಿಂಬಿಗೆ ಒರಗಿಸಿ, ಮುಳ್ಳು ಇಟ್ಟ. ಡ್ರಮ್ಮಿನ ಪೆಟ್ಟು, ಗಿಟಾರು, ಹಾಡು. ಆ ಜಾಗ ಬಂತು, ಹೋಯಿತು. ಮಳೆಯ ಸಾಲು ಸಲೀಸಾಗಿ ಕೇಳಿಸಿತು. ಹಾಲಮ್ಮ ಕಿಟಕಿಯ ಕಡೆಯೇ ನೋಡುತ್ತಿದ್ದಳು. ಹೂವಪ್ಪ ಮುಳ್ಳನ್ನು ಎತ್ತಿದ. ಆಮೇಲೆ ಏನನ್ನಿಸಿತೋ, ಮಂಚದ ಕಂಬಿಯ ಮೇಲೆ ಚಮಚದಿಂದ ಪೆಟ್ಟು ಹಾಕುತ್ತಾ ತಾನೇ ಹಾಡಲು ಶುರು ಮಾಡಿದ.

ಹೂವಪ್ಪ ಹುಟ್ಟಿದಾಗಿನಿಂದ ಹಾಡಿದವನಲ್ಲ. ಹಾಡುವುದೇನಿದ್ದರೂ ರಾಮಚಂದ್ರಪ್ಪನ ಪಾಲು. ಇವನದು ತಗಡು ಎಳೆದ ಹಾಗಿನ ಗಂಟಲು. ಆದರೂ ಹಾಡಿದ, ಮೊದಲಿನಿಂದ. ಹಾರುವ ಜಾಗ ಬಂತು. ಒಂದು ಪೆಟ್ಟು ನುಂಗಿ, ಅರ್ಧ ಸಾಲು ಬಿಟ್ಟು, ಟಕ್ ಅಂತ ಮುಂದಕ್ಕೆ ನೆಗೆದ.

“ಅಮ್ಮನ ಬೊಟ್ಟು ಬಂತು!”

ಕೂಗಿದ್ದು ಸುಮನಾ, ಅಡುಗೆಮನೆಯಿಂದ. ಸೊಪ್ಪು ಬಿಡಿಸುತ್ತಿದ್ದವಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತ್ತು. ಥೇಟ್ ಅಮ್ಮನದೇ ರಾಗ. ಕೂಗಿದವಳೇ ಬೆಚ್ಚಿ ಬಾಗಿಲಿಗೆ ಓಡಿಬಂದಳು. ಹಾಲಮ್ಮ ಕಿಟಕಿ ಬಿಟ್ಟು ಗಂಡನ ಕಡೆ ತಿರುಗಿದ್ದಳು. ತುಟಿ ಒಂದು ಕಡೆಗೆ ಎಳೆದುಕೊಂಡಿತು. ಮಾತು ಬರಲಿಲ್ಲ. ಎಡಗೈ ಮಾತ್ರ ಮೆಲ್ಲಗೆ ಮೇಲೆದ್ದು ತನ್ನ ಹಣೆಯನ್ನು ಮುಟ್ಟಿಕೊಂಡಿತು.

ಹೂವಪ್ಪ ದೇವರ ಮನೆಗೆ ಹೋಗಿ, ಗಂಧ ತೇಯ್ದು, ಕುಂಕುಮದ ಭರಣಿಯನ್ನೂ ಹಿಡಿದು ಬಂದ. ಮೊದಲು ಅವಳ ಹಣೆಗೆ ಬೊಟ್ಟಿಟ್ಟ. ಆಮೇಲೆ ರೆಕಾರ್ಡನ್ನು ಅವಳ ಮಡಿಲಲ್ಲಿಟ್ಟು, ಅವಳ ಎಡಗೈ ಬೆರಳನ್ನು ಗಂಧದಲ್ಲಿ ಅದ್ದಿದ. “ಇಡು ಕಣೆ. ನೀನೇ ಇಡು” ಅಂದ. ಅವನ ಕಣ್ಣು ಮಂಜಾಗಿ ಜಾಗ ತಿಳಿಯಲಿಲ್ಲ. ಅವಳ ಬೆರಳನ್ನು ಒಯ್ದು ತಟ್ಟೆಯ ನಡುವೆ, ಹೆಸರು ಬರೆದ ಕಾಗದದ ಮೇಲೆ ಇಡಿಸಲು ಹೋದ.

ಹಾಲಮ್ಮ ಬೆರಳನ್ನು ಕಿತ್ತುಕೊಂಡಳು. ಅಷ್ಟು ಜೋರಾಗಿ ಅವಳು ಕೈ ಎಳೆದದ್ದೇ ಇಲ್ಲ, ಮಲಗಿದಾಗಿನಿಂದ. ಅಕ್ಷರದಿಂದ ಆಚೆಗೆ, ಕರಿ ಜಾಗಕ್ಕೆ ಬೆರಳನ್ನು ತಂದು, ಗಂಧವನ್ನು ದಪ್ಪಗೆ ಒತ್ತಿದಳು. ಅವನು ಅದರ ಮೇಲೆ ಕುಂಕುಮ ಉದುರಿಸಿದ.

“ಇದ್ದೀಯಲ್ಲೇ! ಒಳಗೇ ಇದ್ದೀಯಲ್ಲೇ ಮಾರಾಯ್ತಿ!” ಅಂತ ಹೂವಪ್ಪ ಅವಳ ಕೈಯನ್ನು ಕೆನ್ನೆಗೊತ್ತಿಕೊಂಡು ಬಿಕ್ಕಿದ. ಸುಮನಾ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಈಗಲೇ ಹಾಕಪ್ಪ, ಅಮ್ಮ ಕೇಳಲಿ ಅಂದಳು.

“ಹಸಿ ಇದೆ ಮಗಳೇ, ಮುಳ್ಳಿಗೆ ಮೆತ್ತಿಕೊಳ್ಳುತ್ತೆ. ಒಣಗಲಿ. ನಾಳೆ ಹಾಕ್ತೀನಿ” ಅಂದ ಹೂವಪ್ಪ.

ಬೆಳಗಾಗುವಷ್ಟರಲ್ಲಿ ಹಾಲಮ್ಮ ಹೋಗಿಬಿಟ್ಟಿದ್ದಳು.

ಮುತ್ತೈದೆ ಸಾವು ಅಂತ ಬಂದವರೆಲ್ಲ ಹೊಗಳಿದರು. ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಅರಿಸಿನ ಹಚ್ಚಿದರು. ಗಂಡನ ಕೈಯಲ್ಲಿ ಕೊನೆಯ ಕುಂಕುಮ ಇಡಿಸಿದರು. ಅವರು ಹೇಳಿದ್ದನ್ನೆಲ್ಲ ಹೂವಪ್ಪ ಮಾಡಿದ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಪುಣ್ಯವಂತೆ, ಪುಣ್ಯವಂತೆ ಅನ್ನುತ್ತಿದ್ದವರ ನಡುವೆ ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು. “ನಾಳೆ ಅಂದ್ಬಿಟ್ಟೆ.” ಯಾರಿಗೂ ಅರ್ಥವಾಗಲಿಲ್ಲ. ಸುಮನಾಳಿಗೆ ಆಯಿತು.

ಹನ್ನೊಂದನೆಯ ದಿನ ಸೂತಕ ಕಳೆಯಲು ಮನೆಯನ್ನೆಲ್ಲ ತೊಳೆದರು. ಭದ್ರಾವತಿಯಿಂದ ಬಂದಿದ್ದ ಶಕುಂತಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತಿದ್ದಳು. ಮಂಚ ತೊಳೆದು, ಕಿಟಕಿ ತೊಳೆದು, ಸ್ಟೂಲಿನ ಮೇಲಿದ್ದ ರೆಕಾರ್ಡಿನ ಹತ್ತಿರ ಬಂದಳು. “ಅಯ್ಯೋ, ಮತ್ತೆ ಕೊಳೆ ಆಗಿದ್ಯಲ್ಲ” ಅಂತ ಒದ್ದೆ ಬಟ್ಟೆ ಚಾಚಿದಳು.

“ತಂಗೀ, ಮುಟ್ಬೇಡ!”

ಮನೆಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದರು. ಹೂವಪ್ಪ ಏಳಲಾಗದೆ, ಕೂತಲ್ಲಿಂದಲೇ ಎಲ್ಲವನ್ನೂ ಹೇಳಿದ. ಆಯುಧಪೂಜೆಯಿಂದ ಹಿಡಿದು ಅಂಟುವಾಳದವರೆಗೆ. ಶಕುಂತಲಮ್ಮನ ಕೈಯಿಂದ ಬಟ್ಟೆ ಬಿದ್ದುಹೋಯಿತು. “ಅವತ್ತೇ ಹೇಳ್ಬಾರ್ದಿತ್ತಾ ಅಣ್ಣ? ನಾನು ಪಾಪಿ, ನಾನೇ ತೊಳೆದುಬಿಟ್ಟೆ” ಅಂತ ಅಲ್ಲೇ ನೆಲದ ಮೇಲೆ ಕೂತಳು.

“ನೀನೇನ್ ಮಾಡ್ತೀಯಮ್ಮ. ತೊಳೆದದ್ದಕ್ಕೇ ಅವಳು ಇನ್ನೊಂದ್ಸಲ ಇಟ್ಲು” ಅಂದ ಹೂವಪ್ಪ. ಆಮೇಲೆ ಮಗಳ ಕಡೆ ನೋಡಿ, “ಹಾಕಮ್ಮ. ಒಣಗಿರುತ್ತೆ” ಅಂದ.

ಸುಮನಾ ಎರಡನೇ ಮಗ್ಗುಲನ್ನು ಮೇಲೆ ಮಾಡಿ ಮುಳ್ಳಿಟ್ಟಳು. ಮೊದಲನೇ ಹಾಡು ಶುರುವಾಯಿತು. ಹೂವಪ್ಪ ಮೂರನೇ ಹಾಡಿಗೆ ಕಾಯುತ್ತಾ ಮಂಚದ ಕಂಬಿ ಹಿಡಿದು ಕೂತಿದ್ದ. ಆದರೆ ಹಾಲಮ್ಮ ಈ ಸಲ ಬೊಟ್ಟಿಟ್ಟದ್ದು ಹಳೆಯ ಜಾಗದಲ್ಲಲ್ಲ. ಮೊದಲನೇ ಹಾಡು ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಯಾರೂ ಎಣಿಸಿರದ ಜಾಗದಲ್ಲಿ ಮುಳ್ಳು ಟಕ್ ಅಂತ ಹಾರಿತು. ಹೂವಪ್ಪ ಅಡುಗೆಮನೆಯ ಕಡೆ ತಿರುಗಿದ. ಅಲ್ಲಿಂದ ಯಾರೂ ಕೂಗಲಿಲ್ಲ.

“ಬಂತು ಕಣೆ” ಅಂದ ಅವನು, ಖಾಲಿ ಮಂಚದ ಕಡೆ ನೋಡಿ. “ನಿನ್ನ ಬೊಟ್ಟು ಬಂತು.” ಹನ್ನೊಂದು ದಿನದಿಂದ ತಡೆದಿದ್ದ ಅಳು ಆಗ ಬಂತು.